ಅತ್ತೆ ಹಾಕಿದ ಕಟ್ಟು

ನಾನು ಬರುತ್ತಿದ್ದೇನೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ತಿರುಗಿ ನೋಡದೆಯೇ ತಿಳಿಯುತ್ತದೆ. ಬಲಗಾಲು ಸದ್ದಿಲ್ಲದೆ ಊರುತ್ತದೆ. ಎಡಗಾಲನ್ನು ಎಷ್ಟೇ ಎತ್ತಿದರೂ ಪಾದದ ತುದಿ ಕೆಳಕ್ಕೆ ಜೋತುಬಿದ್ದು ನೆಲ ಒರೆಸಿಕೊಂಡು ಬರುತ್ತದೆ. ಚಪ್ಪಲಿ ಹಾಕಿದರೆ ಒಂದು ನನ್ನ ಜೊತೆ ಬರುತ್ತದೆ, ಇನ್ನೊಂದು ದಾರಿಯಲ್ಲೇ ಉಳಿಯುತ್ತದೆ. ಕಾಲಿಗೇನಾಯಿತು ಎಂದು ಕೇಳಿದವರಿಗೆ, ಮದುವೆಯಾದ ಹೊಸತರಲ್ಲಿ ಜೌಗಿನಲ್ಲಿ ಆದದ್ದು ಎಂದು ಹೇಳಿ ಮುಗಿಸುತ್ತೇನೆ. ಉದ್ದಕ್ಕೆ ಹೇಳುವಷ್ಟು ತಾಳ್ಮೆ ನನಗಿಲ್ಲ, ಕೇಳುವವರಿಗೂ ಇರುವುದಿಲ್ಲ. ಇವತ್ತು ಯಾಕೋ ಹೇಳಬೇಕೆನಿಸಿದೆ.

ನನ್ನ ತವರು ಅಂಜನಾಪುರ. ಅಲ್ಲಿಯ ನೀರು ಹೇಳಿದ ಮಾತು ಕೇಳುವ ನೀರು. ತೂಬು ಎತ್ತಿದರೆ ಕಾಲುವೆಗೆ ಬರುತ್ತಿತ್ತು, ಇಳಿಸಿದರೆ ನಿಲ್ಲುತ್ತಿತ್ತು. ಏರಿಯ ಮೇಲೆ ಕಣ್ಣು ಮುಚ್ಚಿಕೊಂಡು ನಡೆದರೂ ಗದ್ದೆ ಸಿಗುತ್ತಿತ್ತು. ಐವತ್ತರ ದಶಕ ಮುಗಿಯುತ್ತಾ ಬಂದಾಗ ನನ್ನನ್ನು ಜಡೆಯ ಹತ್ತಿರದ ಒಂದು ಹಳ್ಳಿಗೆ ಕೊಟ್ಟರು. ಹುಡುಗನ ಮನೆಯವರಿಗೆ ಗದ್ದೆ ಇದೆಯೇ ಎಂದಷ್ಟೇ ನಮ್ಮಪ್ಪ ವಿಚಾರಿಸಿದ್ದರು. ಎಲ್ಲಿದೆ ಎಂದು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಗದ್ದೆ ಇದ್ದದ್ದು ಕಾನಿನ ಆಚೆ. ಕಾನು ಎಂದರೆ ಸೊರಬದ ಕಡೆಯ ದಟ್ಟ ಕಾಡು. ನಡುಮಧ್ಯಾಹ್ನವೂ ಒಳಗೆ ಮಬ್ಬು. ಅದರ ನಡುವಿನ ತಗ್ಗಿನಲ್ಲಿ ಬೇಸಿಗೆಯಲ್ಲೂ ಆರದ ಜೌಗು. ಅಲ್ಲಿಯ ಮರಗಳ ಬೇರುಗಳು ಮೊಣಕಾಲು ಮಡಚಿದ ಹಾಗೆ ಕೆಸರಿನಿಂದ ಮೇಲೆದ್ದು ಮತ್ತೆ ಕೆಸರಿಗೇ ಇಳಿದಿದ್ದವು. ಉಳುಮೆ, ನಾಟಿಯ ದಿನಗಳಲ್ಲಿ ಗಂಡಸರು ಬೆಳಗಾಗುತ್ತಲೇ ಎತ್ತು ಹೊಡೆದುಕೊಂಡು ಸುತ್ತುದಾರಿಯಲ್ಲಿ ಗದ್ದೆಗೆ ಹೋಗುತ್ತಿದ್ದರು. ಅಡುಗೆ ಮುಗಿಸಿ ಅದೇ ದಾರಿ ಹಿಡಿದರೆ ಊಟದ ಹೊತ್ತು ಮೀರುತ್ತಿತ್ತು. ಹಾಗಾಗಿ ಬುತ್ತಿ ಹೊತ್ತು ಜೌಗು ದಾಟುವುದು ಹೆಂಗಸರ ಪಾಲು. ನಮ್ಮ ಮನೆಯಲ್ಲಿ ಹೆಂಗಸರೆಂದರೆ ನಮ್ಮತ್ತೆ ಮತ್ತು ನಾನು, ಇಬ್ಬರೇ.

ನಮ್ಮತ್ತೆ ಗಿಡ್ಡ ಆಳು, ಒಣಕಲು ಮೈ. ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬ ಮಗಳೂ ಇದ್ದಳಂತೆ. ನಾನು ಬರುವ ಮೊದಲೇ ಜ್ವರ ಬಂದು ಹೋದಳು ಎಂದು ಮದುವೆಯ ಮಾತಿನ ಹೊತ್ತಿಗೆ ಯಾರೋ ಹೇಳಿದ್ದರು. ಆ ಮನೆಯಲ್ಲಿ ಅವಳ ಮಾತು ಯಾರೂ ಎತ್ತುತ್ತಿರಲಿಲ್ಲ. ಅತ್ತೆ ಬೇರೆ ಮಾತನ್ನೂ ಹೆಚ್ಚು ಆಡುತ್ತಿರಲಿಲ್ಲ. ನನ್ನ ಅಡುಗೆ ಚೆನ್ನಾಗಿದ್ದರೆ ಸುಮ್ಮನೆ ಉಣ್ಣುತ್ತಿದ್ದರು, ಕೆಟ್ಟರೂ ಸುಮ್ಮನೆ ಉಣ್ಣುತ್ತಿದ್ದರು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಜೌಗಿಗೆ ಇಳಿಯುವ ಮೊದಲು ಕಾನಿನ ಅಂಚಿನಲ್ಲಿ ಚಪ್ಪಲಿ ಬಿಡಬೇಕಿತ್ತು. ಒಳಗೆ ದೇವರಿದೆ, ಮೆಟ್ಟಿಕೊಂಡು ಹೋಗುವಂತಿಲ್ಲ. ನಮ್ಮಪ್ಪ ಶಿಕಾರಿಪುರದ ಸಂತೆಯಲ್ಲಿ ಕೊಡಿಸಿದ ಹೊಸ ಚಪ್ಪಲಿ ಒಂದು ಮರದ ಬುಡದಲ್ಲಿ ದಿನವೂ ಮಳೆಗೆ ನೆನೆದು ನೆನೆದು, ಕೊನೆಗೆ ಅದರ ಮೇಲೆ ಅಣಬೆ ಎದ್ದಿತು.

"ದೇವ್ರಿಗೆ ನನ್ನ ಚಪ್ಪಲಿ ಕಂಡ್ರೆ ಆಗಂಗಿಲ್ಲ, ಉಂಬಳ ಕಂಡ್ರೆ ಮಾತ್ರ ಭಾಳ ಪ್ರೀತಿ ಏನ್ರಿ ಅತ್ತಿ?" ಎಂದು ಒಮ್ಮೆ ಸಿಟ್ಟಿನಲ್ಲೇ ಕೇಳಿದೆ. ಎಲೆಯ ಮೇಲೆ, ಹುಲ್ಲಿನ ತುದಿಯಲ್ಲಿ ಕಾದಿದ್ದು, ಹತ್ತಿದ್ದೂ ತಿಳಿಯದ ಹಾಗೆ ಹತ್ತಿ ರಕ್ತ ಹೀರುವ ಆ ಉಂಬಳಗಳಿಂದ ನನ್ನ ಕಾಲು ಹುಣ್ಣಾಗಿ ಹೋಗಿತ್ತು. ಅತ್ತೆ ಹೊಗೆಸೊಪ್ಪು ನೆನೆಸಿದ ನೀರಿನಲ್ಲಿ ಸುಣ್ಣ ಕಲಸಿದ ಬಟ್ಟಲನ್ನು ನನ್ನ ಕಡೆ ತಳ್ಳಿದರು.

"ಕಾಲಿಗೆ ಬಳ್ಕ. ಬೆರಳ ಸಂದಿಗೂ ಹಚ್ಕ."

ಮೊದಲು ಕೋಲು ಊರಬೇಕು, ಆಮೇಲೆ ಕಾಲು. ಬಿದ್ದ ಮರ ಅಡ್ಡ ಸಿಕ್ಕರೆ ದಾಟಿ ಹೆಜ್ಜೆ ಇಡಬಾರದು. ಮೇಲೆ ಹತ್ತಿ ನಿಂತು, ಆಚೆ ಮಗ್ಗುಲು ಬಗ್ಗಿ ನೋಡಿ, ಕೋಲಿನಿಂದ ಕುಟ್ಟಿ ಇಳಿಯಬೇಕು. ಹಾವು ಮಲಗುವುದು ಆ ಮಗ್ಗುಲಲ್ಲೇ. ಜಾರಿದರೂ ಸರಿ, ಬಿದ್ದರೂ ಸರಿ, ಜೋತುಬಿದ್ದ ಬಳ್ಳಿ ಹಿಡಿಯಬಾರದು. ಎಲೆಯ ಬಣ್ಣದ ಹಾವು ಅದರ ಮೇಲೆ ಸುತ್ತಿಕೊಂಡಿರುತ್ತದೆ. ಹಂದಿ ಹೊರಳಾಡಿದ ಹೊಂಡ ಹಸಿಯಾಗಿದ್ದರೆ ಆ ಕಡೆ ಮುಖ ಹಾಕಬಾರದು. ಇವನ್ನೆಲ್ಲ ಅತ್ತೆ ಕೂರಿಸಿಕೊಂಡು ಕಲಿಸಿದ್ದಲ್ಲ. ನಾನು ತಪ್ಪಿದಾಗಲೆಲ್ಲ ಕೋಲಿನಿಂದ ನನ್ನ ಕೈಗೋ ಕಾಲಿಗೋ ಒಂದು ಬಿಡುತ್ತಿದ್ದರು.

ಎಲ್ಲಕ್ಕಿಂತ ವಿಚಿತ್ರವೆಂದರೆ, ಮನೆಯಲ್ಲಿ ಬಾಯಿ ಬಿಡದ ಅತ್ತೆ ಜೌಗಿನಲ್ಲಿ ಬಾಯಿ ಮುಚ್ಚುತ್ತಿರಲಿಲ್ಲ. ಸದ್ದು ಮಾಡಿಕೊಂಡು ಹೋದರೆ ಹಂದಿಯಂಥವು ದೂರ ಸರಿಯುತ್ತವೆ ಎಂದು ದಾರಿಯುದ್ದಕ್ಕೂ ದೊಡ್ಡ ದನಿಯಲ್ಲಿ ಮಾತಾಡುತ್ತಿದ್ದರು. ಯಾವ ಎಮ್ಮೆ ಬತ್ತಿತು, ಯಾರು ತಂದ ಬೀಜ ಮೊಳೆಯಲಿಲ್ಲ, ಸೊಸೆ ಸಾರಿಗೆ ಎಷ್ಟು ಉಪ್ಪು ಸುರಿದಳು, ಎಲ್ಲವನ್ನೂ ಮರಗಳಿಗೆ ಹೇಳುತ್ತಿದ್ದರು. ನನ್ನ ಅಡುಗೆಯ ಬಗ್ಗೆ ಅವರಿಗೆ ಏನನ್ನಿಸುತ್ತದೆಂದು ನನಗೆ ತಿಳಿದದ್ದೇ ಹಾಗೆ. ನಮ್ಮ ಮನೆಯ ಸುದ್ದಿ ಆ ಕಾನಿನ ಹಂದಿಗಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಒಂದು ಕಡೆ ಮಾತ್ರ ಆ ಮಾತು ನಿಲ್ಲುತ್ತಿತ್ತು. ಜೌಗಿನ ನಡುವೆ ಬೇರುಗಳು ಒತ್ತಾಗಿ ಎದ್ದಿದ್ದ ಒಂದು ದೊಡ್ಡ ಮರ. ಅಲ್ಲಿ ಬಂದ ಕೂಡಲೇ, "ನಿಲ್ಲು. ಕಾಲು ತೋರ್ಸು" ಎನ್ನುತ್ತಿದ್ದರು. ನನ್ನ ಸೀರೆಯ ಅಂಚನ್ನು ಕೋಲಿನಿಂದ ಎತ್ತಿ ಎರಡೂ ಕಾಲನ್ನು ಹಿಂದೆ ಮುಂದೆ ನೋಡುತ್ತಿದ್ದರು. ತಲೆಯ ಮೇಲೆ ಸಾರಿನ ಪಾತ್ರೆ, ಕಂಕುಳಲ್ಲಿ ಮಜ್ಜಿಗೆಯ ಚೊಂಬು, ಕತ್ತು ಮುರಿದು ಬರುತ್ತಿದ್ದಾಗ ಈ ಪರೀಕ್ಷೆ. ದನದ ವ್ಯಾಪಾರಕ್ಕೆ ಬಂದವರು ನೋಡುವ ಹಾಗೆ ನೋಡುತ್ತಾರಲ್ಲ ಎಂದು ಮೈ ಉರಿಯುತ್ತಿತ್ತು.

ಆ ದಿನಗಳ ದಣಿವನ್ನು ಹೇಗೆ ಹೇಳಲಿ? ಹೋಗುವಾಗ ಭಾರ, ಬರುವಾಗ ಕೆಸರು. ಬಂದ ಮೇಲೆ ಜಗಲಿಯಲ್ಲಿ ಕೂತು ಉಪ್ಪು ಒತ್ತಿ ಒತ್ತಿ ಉಂಬಳ ಬಿಡಿಸುವುದು. ಕಚ್ಚಿದ ಜಾಗದಿಂದ ರಕ್ತ ಬೇಗ ನಿಲ್ಲದು. ಒದ್ದೆ ಸೀರೆ ಹಿಂಡಿ ಹರವಿದರೆ ಮರುದಿನ ಬೆಳಗ್ಗೆಯೂ ಹಾಗೇ ಒದ್ದೆ, ಅದನ್ನೇ ಉಡಬೇಕು. ತಟ್ಟೆಯ ಮುಂದೆ ಕೂತವಳು ತುತ್ತು ಬಾಯಲ್ಲೇ ಇಟ್ಟುಕೊಂಡು ತೂಕಡಿಸಿದ್ದೇನೆ. ತವರಿನಿಂದ ಅಣ್ಣ ಬಂದಾಗ "ಹೆಂಗಿದ್ದೀ?" ಎಂದು ಕೇಳಿದರೆ, ನಿದ್ದೆ ಬರುತ್ತಿದೆ ಎಂಬ ಉತ್ತರವೇ ಬಾಯಿಗೆ ಬಂದಿತ್ತು.

ಅದು ನಾಟಿಯ ಸಮಯ. ಬೆಳಗಿನಿಂದ ಬಿಡದೆ ಹೊಯ್ದ ಮಳೆಗೆ ಕಾಲಿಗೆ ಬಳಿದ ಸುಣ್ಣ ಹೊಗೆಸೊಪ್ಪು ತೊಳೆದು ಹೋಗಿತ್ತು. ಅತ್ತೆ ಮುಂದೆ, ನಾನು ಹಿಂದೆ. ದೊಡ್ಡ ಮರದ ಹತ್ತಿರ ಬರುವಷ್ಟರಲ್ಲಿ ನೀರು ಮೊಣಕಾಲು ಮುಟ್ಟುತ್ತಿತ್ತು. ಕೆಸರಿನೊಳಗೆ ಎಡಗಾಲಿಗೆ ಏನೋ ಚುಚ್ಚಿತು. ಬೆತ್ತದ ಮುಳ್ಳು ಎಂದುಕೊಂಡೆ. ಆ ಜೌಗಿನಲ್ಲಿ ಬೆತ್ತದ ಪೊದೆಗಳಿಗೇನೂ ಕಡಿಮೆ ಇರಲಿಲ್ಲ. ಬೇರಿನ ಮೇಲೆ ಹತ್ತಿ ನಿಂತೆ. ಅತ್ತೆ ಎಂದಿನಂತೆ ಕೋಲಿನಿಂದ ಸೀರೆ ಎತ್ತಿದರು. ಪಾದದ ಹರಡಿನ ಮೇಲೆ ಅಕ್ಕಪಕ್ಕದ ಎರಡು ಜಾಗದಿಂದ ರಕ್ತ ಧಾರೆಯಾಗಿ ಇಳಿಯುತ್ತಿತ್ತು. ಅದೇ ಹೊತ್ತಿಗೆ ಬೇರಿನ ಆಚೆ ನೀರಿನಲ್ಲಿ ಒಂದು ಹಾವು ತಲೆ ಎತ್ತಿಕೊಂಡು ಸರಸರನೆ ಹೋಯಿತು. ನೀರುಹಾವೇ ಇರಬೇಕು, ದಿನವೂ ಕಾಣುವಂಥದ್ದು.

ಅತ್ತೆಯ ತಲೆಯ ಮೇಲಿದ್ದ ಅನ್ನದ ಪಾತ್ರೆ ಜೌಗಿಗೆ ಬಿತ್ತು. ತಟ್ಟೆಯಲ್ಲಿ ಒಂದು ಅಗುಳು ಬಿಟ್ಟರೆ ಎತ್ತಿ ಬಾಯಿಗೆ ಹಾಕಿಕೊಳ್ಳುವ ಹೆಂಗಸು, ಅಷ್ಟೂ ಜನರ ಅನ್ನ ಮುಳುಗುವುದನ್ನು ತಿರುಗಿಯೂ ನೋಡಲಿಲ್ಲ.

"ಹೊರೆ ಇಳ್ಸಿ ಕೂತ್ಕ. ಕಾಲು ಅಲ್ಲಾಡಿಸ್ಬೇಡ."

"ಮುಳ್ಳು ಚುಚ್ಚೇತ್ರಿ ಅತ್ತಿ. ಉಂಬಳನೂ ಹತ್ತಿರ್ಬೇಕು."

"ಬಾಯ್ ಮುಚ್ಚು. ಉರಿ ಆಗ್ತದಾ?"

"ಇಲ್ರಿ."

"ಆಗ್ತದೆ" ಎಂದರು. ತಮ್ಮ ಸೀರೆಯ ಅಂಚನ್ನು ಹಲ್ಲಿನಿಂದ ಕಚ್ಚಿ ಹರಿದರು. ನನ್ನ ಮೊಣಕಾಲಿನ ಕೆಳಗೆ ಸುತ್ತಿ ಗಂಟು ಹಾಕಿದರು. ಗಂಟಿನೊಳಗೆ ಒಂದು ಕಡ್ಡಿ ತೂರಿಸಿ, ಬಟ್ಟೆ ಚರ್ಮದೊಳಗೆ ಹೂತುಹೋಗುವವರೆಗೆ ತಿರುವಿದರು. ನಾನು ಚೀರಿದೆ. ಅವರು ಕಾನಿನ ದೇವರ ಕಡೆ ಮುಖ ಮಾಡಿ, "ನಿನ್ನ ಹೆಸ್ರಲ್ಲಿ ಕಟ್ಟೀನಿ. ಬಿಚ್ಚೋ ಕೈ ಸಿಗೋವರ್ಗೆ ನೀನೇ ಕಾಯ್ಬೇಕು" ಎಂದರು.

ಇದು ಆ ಕಡೆಯ ಪದ್ಧತಿ. ಹಾವು ಮುಟ್ಟಿದವರಿಗೆ, ಅಲ್ಲಿಯವರ ಮಾತಿನಲ್ಲಿ ಹುಳ ಮುಟ್ಟಿದವರಿಗೆ, ದೇವರ ಹೆಸರು ಹೇಳಿ ಕಟ್ಟು ಹಾಕಿದರೆ, ಅದನ್ನು ಬಿಚ್ಚಬೇಕಾದವನು ಔಷಧಿ ಕೊಡುವವನು ಮಾತ್ರ. ನಡುದಾರಿಯಲ್ಲಿ ಬೇರೆ ಯಾರು ಬಿಚ್ಚಿದರೂ ವಿಷ ಒಮ್ಮೆಲೇ ತಲೆಗೇರುತ್ತದೆ, ದೇವರಿಗೆ ಕೊಟ್ಟ ಮಾತೂ ಮುರಿಯುತ್ತದೆ ಎಂಬ ನಂಬಿಕೆ. ಔಷಧಿ ಕೊಡುವ ಅಜ್ಜ ಇದ್ದದ್ದು ನಮ್ಮ ಗದ್ದೆಯಿಂದಲೂ ಮುಂದೆ, ತೊಗರ್ಸಿಯ ದಾರಿಯ ಒಂದು ಹಳ್ಳಿಯಲ್ಲಿ.

ನಾನು ಅಂಜನಾಪುರದ ಅನ್ನ ಉಂಡು ಬೆಳೆದವಳು. ಅತ್ತೆಗಿಂತ ಒಂದು ಗೇಣು ಎತ್ತರ, ಮೈಯಲ್ಲೂ ತುಂಬಿದವಳು. ಆ ಒಣಕಲು ಹೆಂಗಸು ನನ್ನನ್ನು ಬೆನ್ನಿಗೆ ಹಾಕಿಕೊಂಡು ಜೌಗಿನಲ್ಲಿ ನಡೆದರು. ಕೋಲಿಲ್ಲ, ಮಾತಿಲ್ಲ. ಕಲಿಸಿದ್ದ ಎಲ್ಲವನ್ನೂ ಅವರೇ ಮೀರಿದರು. ಬಿದ್ದ ಮರಗಳನ್ನು ನೋಡದೆ ದಾಟಿದರು, ಬಳ್ಳಿಗಳನ್ನು ಹಿಡಿದು ಹಿಡಿದು ದಡ ಹತ್ತಿದರು. ಅವರ ಉಸಿರು ಸೀಳಿ ಬರುತ್ತಿತ್ತು. ಎರಡು ಸಲ ಮೊಣಕಾಲೂರಿ ಬಿದ್ದರು, ನನ್ನನ್ನು ಕೆಳಗೆ ಬಿಡಲಿಲ್ಲ. ನನ್ನ ಎಡಗಾಲು ಅವರ ಕೈಯಲ್ಲಿತ್ತು. ಹಿಡಿದ ಕೈ ರಕ್ತದಲ್ಲಿ ಜಾರುತ್ತಿತ್ತು.

ಗದ್ದೆಯಲ್ಲಿ ನಮ್ಮ ಮನೆಯವರು ನೇಗಿಲು ಬಿಟ್ಟು ಓಡಿ ಬಂದರು. ಬಿದಿರಿಗೆ ಕಂಬಳಿ ಕಟ್ಟಿ ನನ್ನನ್ನು ಅದರೊಳಗೆ ಹಾಕಿದರು. ಮುಂದೆ ಅವರು, ಹಿಂದೆ ಕೂಲಿಗೆ ಬಂದಿದ್ದ ಒಬ್ಬ ಆಳು, ಪಕ್ಕದಲ್ಲಿ ಅತ್ತೆಯ ಓಟ. ಅಲ್ಲಿಯವರೆಗೆ ಕಾಲು ಸಿಡಿಯುವ ಹಾಗೆ ನೋಯುತ್ತಿತ್ತು. ಆಮೇಲೆ ನೋವು ಹೋಗಿ ಜುಮ್ಮೆಂದಿತು. ಆಮೇಲೆ ಜುಮ್ಮೂ ಇಲ್ಲ. ಬಗ್ಗಿ ನೋಡಿದರೆ ಪಾದ ನೇರಳೆ ಬಣ್ಣಕ್ಕೆ ತಿರುಗಿತ್ತು. ನನಗೆ ಉರಿಯಿಲ್ಲ, ಕಣ್ಣು ಮಂಜಾಗಿಲ್ಲ, ಬಾಯಿ ಒಣಗಿಲ್ಲ. ಹಾವಲ್ಲ ಎಂದು ನನ್ನ ಜೀವಕ್ಕೆ ಗೊತ್ತಿತ್ತು. ಕಾಲು ಮಾತ್ರ ನನ್ನ ಕಣ್ಣೆದುರೇ ಸಾಯುತ್ತಿತ್ತು.

"ಬಿಚ್ರಿ. ನಿಮ್ ಕಾಲಿಗೆ ಬೀಳ್ತೀನಿ, ಬಿಚ್ರಿ" ಎಂದು ನಮ್ಮ ಮನೆಯವರನ್ನು ಕೂಗಿದೆ. ಅವರು ಒಮ್ಮೆ ನಿಂತರು. ತಾಯಿಯ ಮುಖ ನೋಡಿದರು. ಅತ್ತೆ ತಲೆ ಅಲ್ಲಾಡಿಸಿದರು. ಇವರು ಬಿದಿರನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಮತ್ತೆ ನಡೆದರು. ನಾನೇ ಬಿಚ್ಚಿಕೊಳ್ಳೋಣವೆಂದು ಕೈ ಚಾಚಿದರೆ ಅತ್ತೆ ನನ್ನ ಎರಡೂ ಕೈಯನ್ನು ಒಟ್ಟಿಗೆ ಹಿಡಿದುಕೊಂಡರು. ಆ ಹಿಡಿತದ ಮೇಲೂ, ಮುಂದೆ ನಡೆಯುತ್ತಿದ್ದ ಆ ಬೆನ್ನಿನ ಮೇಲೂ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಅತ್ತು ಅತ್ತು ಸುಸ್ತಾಗಿ ಕೊನೆಗೆ ಮಳೆಗೆ ಮುಖ ಕೊಟ್ಟು ಮಲಗಿದೆ.

ಅಜ್ಜ ಜಗಲಿಯಲ್ಲೇ ಕೂತಿದ್ದ. ಕಟ್ಟು ನೋಡಿ, ಏನೂ ಕೇಳದೆ ಕೈಮುಗಿದು ಬಿಚ್ಚಿದ. ಗಾಯ ತೊಳೆದು ಬಹಳ ಹೊತ್ತು ನೋಡಿದ. ಹಿತ್ತಲಿನಿಂದ ಒಂದು ಸೊಪ್ಪು ತರಲು ಅತ್ತೆಯನ್ನು ಕಳಿಸಿ, ನನ್ನ ಕಡೆ ಬಗ್ಗಿದ.

"ಉಂಬಳ ತಂಗಿ. ಎರಡು ಕಚ್ಯಾವು, ಅಷ್ಟ."

"ಹಂಗಂತ ಅವರಿಗೆ ಹೇಳ್ರಿ!" ಎಂದೆ. ಎದ್ದು ಕೂಗಬೇಕೆನಿಸಿತ್ತು.

"ಹೇಳಂಗಿಲ್ಲ" ಎಂದ ಅಜ್ಜ. "ಹಿಂದ ಆಕೀ ಮಗಳನ್ನ ಇಲ್ಲಿಗೇ ತಂದಿದ್ರು. ಅದು ಖರೇನ ಹುಳ ಮುಟ್ಟಿದ್ದು. ರಕ್ತ ನಿಲ್ವಲ್ದು, ಉರಿ ಅಂತ ಅತ್ತಿತ್ತಂತ ಹುಡುಗಿ. ಉಂಬಳ ಕಚ್ಚಿದ್ರೂ ನಿಲ್ಲಂಗಿಲ್ಲಲ್ಲ? ಉಂಬಳನೇ, ಸುಣ್ಣ ಹಚ್ಕೊಂಡು ನಡಿ ಅಂದು ನಾಟಿಗೆ ಇಳಿಸಿದ್ಲಂತ ಈಕಿ. ನನ್ನ ಹತ್ರ ತರೋ ಹೊತ್ತಿಗೆ ಏನೂ ಉಳಿದಿರ್ಲಿಲ್ಲ."

ಮಗಳು ಹೋದದ್ದು ಜ್ವರದಿಂದಲ್ಲ. ದೊಡ್ಡ ಮರದ ಹತ್ತಿರ ದಿನವೂ ನಿಲ್ಲಿಸಿ ಕಾಲು ನೋಡುತ್ತಿದ್ದದ್ದು ನನ್ನ ಕಾಲನ್ನಲ್ಲ. ನಾನು ಬಾಯಿ ಮುಚ್ಚಿಕೊಂಡೆ.

ಅತ್ತೆ ಸೊಪ್ಪು ಹಿಡಿದು ಬಂದರು. ಅಜ್ಜ ಅದನ್ನು ಅರೆದು ನನ್ನ ಕಾಲಿಗೆ ಹಚ್ಚುತ್ತಾ ಅವರಿಗೆ ಕೇಳುವಂತೆ ಹೇಳಿದ: "ಹುಳನೇ ಐತಿ ತಾಯಿ. ಹೊತ್ತಿಗೆ ಸರಿಯಾಗಿ ತಂದಿ. ಉಳ್ಕಂಡ್ಲು."

ಅತ್ತೆ ಅಳುತ್ತಾರೇನೋ ಎಂದುಕೊಂಡೆ. ಇಲ್ಲ. ಕಂಬಕ್ಕೆ ಒರಗಿ ಕೂತರು, ಕೂತಲ್ಲೇ ನಿದ್ದೆ ಹೋದರು. ಮೈಯೆಲ್ಲ ಕೆಸರು, ಬಾಯಿ ತೆರೆದಿತ್ತು. ನಮ್ಮ ಮನೆಯವರು ಎಬ್ಬಿಸಲು ಹೋದರೆ ಅಜ್ಜ ಬೇಡವೆಂದು ಕೈಸನ್ನೆ ಮಾಡಿದ.

ಕಾಲಿಗೆ ಬಣ್ಣ ಮರಳಿ ಬಂತು, ಬಲ ಬರಲಿಲ್ಲ. ಪಾದ ಮೇಲೆತ್ತಲು ಆಗುತ್ತಿರಲಿಲ್ಲ, ಬೆರಳಿಗೆ ಮುಳ್ಳು ಹೆಟ್ಟಿದರೂ ತಿಳಿಯುತ್ತಿರಲಿಲ್ಲ. ಮಳೆ ಕಡಿಮೆಯಾದ ಮೇಲೆ ಜಡೆಯಿಂದ ಬಸ್ಸು ಹತ್ತಿಸಿ ಸೊರಬಕ್ಕೂ ಕರೆದುಕೊಂಡು ಹೋಗಿ ತೋರಿಸಿದರು. ಅಷ್ಟು ಹೊತ್ತು ಬಿಗಿದು ಕಟ್ಟಿದ್ದಕ್ಕೆ ನರ ಸತ್ತಿದೆ ಎಂದು ಅಲ್ಲಿಯ ಡಾಕ್ಟರು ಹೇಳಿದ್ದು ನನಗೊಬ್ಬಳಿಗೇ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅತ್ತೆಗೆ, ವಿಷ ಅಲ್ಲೇ ನಿಂತುಬಿಟ್ಟಿದೆಯಂತೆ ಎಂದು ನಾನೇ ಹೇಳಿದೆ.

ಅವತ್ತಿನಿಂದ ಜೌಗು ನನಗೆ ತಪ್ಪಿತು. ಬುತ್ತಿ ಹೊತ್ತು ಅತ್ತೆ ಒಬ್ಬರೇ ಹೋಗಿ ಬರುತ್ತಿದ್ದರು. ಬಂದು, ತಮ್ಮ ಕಾಲಿನ ಉಂಬಳ ಬಿಡಿಸಿಕೊಂಡು, ಎಣ್ಣೆ ಬಿಸಿ ಮಾಡಿ ನನ್ನ ಎಡಗಾಲನ್ನು ಮಡಿಲಿಗೆ ಎಳೆದುಕೊಂಡು ತಿಕ್ಕುತ್ತಿದ್ದರು. ಸೊಸೆಯ ಕಾಲು ಅತ್ತೆಯ ಮಡಿಲಲ್ಲಿ! ಊರಿನ ಹೆಂಗಸರು ನೀರಿಗೆ ಹೋಗುವ ನೆಪದಲ್ಲಿ ನೋಡಿಕೊಂಡು ಹೋದರು. ನಾನು ಅತ್ತೆಗೆ ವಶೀಕರಣದ ಮದ್ದು ಹಾಕಿದ್ದೇನೆ ಎಂದೂ ಯಾರೋ ಅಂದರಂತೆ. ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ. ಮನೆಗೆ ಬಂದವರಿಗೆಲ್ಲ ಆ ಹಾವಿನ ಕಥೆ ಹೇಳುತ್ತಿದ್ದರು. ಒಬ್ಬೊಬ್ಬರಿಗೆ ಹೇಳುವಾಗಲೂ ಹಾವು ಒಂದೊಂದು ಮೊಳ ಬೆಳೆಯುತ್ತಿತ್ತು.

ನಾನು ಕೇಳಿಸಿಕೊಂಡು ಕೂರುತ್ತಿದ್ದೆ. ನಿಮ್ಮ ಕಟ್ಟಿನಿಂದಲೇ ಹೋದದ್ದು ನನ್ನ ಕಾಲು ಎಂಬ ಮಾತು ಎಷ್ಟೋ ಸಂಜೆ ನಾಲಗೆಯ ತುದಿಗೆ ಬಂದು ನಿಂತಿದೆ. ತವರಿಗೆ ಹೋದಾಗ ಏರಿಯ ಮೇಲೆ ಓರಗೆಯವರು ಸರಸರ ನಡೆದು ಮುಂದೆ ಹೋಗಿ ನನಗಾಗಿ ಕಾಯುತ್ತಾ ನಿಂತಾಗ ಅಳು ಬರುತ್ತಿತ್ತು, ಆ ಕಾಯುವಿಕೆಗೆ ಸಿಟ್ಟೂ ಬರುತ್ತಿತ್ತು. ಸತ್ಯ ನುಂಗಿಕೊಂಡು ಇರುವುದು ಎಂಥ ದಣಿವಿನ ಕೆಲಸ! ಬುತ್ತಿ ಹೊತ್ತರೆ ಗದ್ದೆ ಮುಟ್ಟಿದ ಮೇಲಾದರೂ ಇಳಿಸಬಹುದಿತ್ತು.

ಮತ್ತೊಂದು ನಾಟಿಯ ಕಾಲ ಬಂತು. ಒಂದು ಸಂಜೆ ಅತ್ತೆ ಜೌಗು ದಾಟಿ ಬಂದು, ಎಂದಿನಂತೆ ಎಣ್ಣೆಯ ಬಟ್ಟಲು ಹಿಡಿದು ನನ್ನ ಕಾಲ ಬಳಿ ಕೂತರು. ಉಣ್ಣುವುದಕ್ಕೂ ತ್ರಾಣವಿಲ್ಲದ ಮುಖ. ಅವರ ಸೀರೆಯ ಮಡಿಕೆಯಿಂದ ರಕ್ತ ಕುಡಿದು ಊದಿದ ಒಂದು ಉಂಬಳ ನೆಲಕ್ಕೆ ಬಿತ್ತು. ಉಪ್ಪು ಹಾಕದೆ ಅದನ್ನೇ ನೋಡುತ್ತಾ ಕೂತರು.

"ಅವತ್ತೂ ಹಿಂಗೇ ಬಿತ್ತು" ಎಂದರು.

"ಯಾವತ್ರಿ?"

"ನಿನ್ನ ಹೊತ್ಕಂಡು ಬರ್ತಿದ್ನಲ್ಲ. ಇನ್ನೂ ಜೌಗು ದಾಟಿರ್ಲಿಲ್ಲ. ನಿನ್ ಸೀರೆ ಮಡಿಕೆಯಿಂದ ನನ್ ಕೈ ಮೇಲೆ ಬಿತ್ತು. ಒಂದು ಬಿತ್ತು, ಇನ್ನೊಂದೂ ಬಿತ್ತು."

ಒಲೆಯಲ್ಲಿ ಹಸಿ ಸೌದೆ ಹೊಗೆಯಾಡುತ್ತಿತ್ತು. ನನಗೆ ಕಣ್ಣು ಉರಿಯಿತು.

"ಮತ್ಯಾಕ್ರಿ ಬಿಚ್ಚಲಿಲ್ಲ ನೀವು? ದಾರಿ ತುಂಬ ಬಡ್ಕೊಂಡೆನಲ್ರಿ ನಾನು?"

ಅವರು ಎಣ್ಣೆಯಲ್ಲಿ ಕೈ ಅದ್ದಿದರು. ನನ್ನ ಪಾದ ಹಿಡಿದುಕೊಂಡೇ ಹೇಳಿದರು:

"ಅವಳಿಗೂ ಉಂಬಳನೇ ಅಂತ ನಂಗೆ ಗೊತ್ತಿತ್ತಲ್ಲೇ."

ನನ್ನ ಸಿಟ್ಟು ಹೋಯಿತು ಎಂದಲ್ಲ, ಇತ್ತು. ನಾನು ಎಡಗಾಲನ್ನು ಅವರ ಮಡಿಲಿನಿಂದ ತೆಗೆದೆ. ಇನ್ನು ಮುಟ್ಟಿಸಿಕೊಳ್ಳುವುದಿಲ್ಲ ಎಂದುಕೊಂಡರೋ ಏನೋ, ಅವರ ಕೈ ಹಾಗೇ ಗಾಳಿಯಲ್ಲಿ ಉಳಿಯಿತು. ಎಣ್ಣೆ ತೊಟ್ಟಿಕ್ಕುತ್ತಿತ್ತು.

ನಾನು ಬಲಗಾಲನ್ನು ಚಾಚಿ ಆ ಮಡಿಲಲ್ಲಿ ಇಟ್ಟೆ.

"ಇದಕ್ಕೆಂತಾಗಿದೆ?" ಎಂದರು ಅತ್ತೆ.

"ಏನೂ ಆಗಿಲ್ರಿ. ತಿಕ್ರಿ."

ತಿಕ್ಕತೊಡಗಿದರು. ಇಷ್ಟು ದಿನ ಅವರು ತಿಕ್ಕುತ್ತಿದ್ದದ್ದು ಏನೂ ತಿಳಿಯದ ಕಾಲನ್ನು. ಅವರ ಅಂಗೈ ಒರಟಾಗಿತ್ತು, ಬೆಚ್ಚಗಿತ್ತು. ಅದು ನನಗೆ ಗೊತ್ತಾದದ್ದು ಅವತ್ತೇ.